ರೋಗನಿರೋಧಕ ಶಕ್ತಿಗೂ ಕಡಿವಾಣ ಬೇಕು

ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ಸಾಮಾನ್ಯ ತಿಳಿವಳಿಕೆ. ಮಗುವಿಗೆ ಎರಡು ದಿನ ನೆಗಡಿಯಾದರೆ ಸಾಕು, ‘ಶಕ್ತಿ ಬರಲು ಟಾನಿಕ್ ಬರೆದುಕೊಡಿ’ ಎಂದು ತಾಯಂದಿರು ವೈದ್ಯರನ್ನು ಕೇಳುತ್ತಾರೆ. ಆದರೆ ಈ ಶಕ್ತಿ ಅಂಕೆ ಮೀರಿದರೆ ಏನಾಗುತ್ತದೆಂದು ಯೋಚಿಸಿದ್ದೀರಾ?

ಬಿಳಿ ರಕ್ತಕಣಗಳಲ್ಲಿ ಟಿ ಕೋಶಗಳೆಂಬುವು ಒಂದು ಬಗೆ. ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಇವು ಪಕ್ವವಾಗುತ್ತವೆ. ಸ್ವಂತ ದೇಹವನ್ನೇ ಶತ್ರುವೆಂದು ತಿಳಿಯುವ ಕೋಶಗಳನ್ನು ಥೈಮಸ್ ಅಲ್ಲಿಯೇ ನಾಶಮಾಡುತ್ತದೆ. ಆದರೂ ಕೆಲವು ನುಸುಳಿ ಹೊರಬರುತ್ತವೆ. ಆರೋಗ್ಯವಂತರಾದ ನಿಮ್ಮ ದೇಹದಲ್ಲೂ ಅವು ಇವೆ! ಅವನ್ನು ಸುಮ್ಮನಿರಿಸುವ ಕೆಲಸ ‘ನಿಯಂತ್ರಕ ಟಿ ಕೋಶ’ಗಳದು.

1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಇವುಗಳ ಗುರುತನ್ನು ಇಲಿಗಳಲ್ಲಿ ಪತ್ತೆಹಚ್ಚಿದರು. ನಿಯಂತ್ರಕ ಕೋಶಗಳನ್ನು ತೆಗೆದುಹಾಕಿ ಉಳಿದ ಟಿ ಕೋಶಗಳನ್ನಷ್ಟೇ ಕೊಟ್ಟ ಇಲಿಗಳಲ್ಲಿ ಥೈರಾಯಿಡ್, ಜಠರ ಮುಂತಾದ ಅಂಗಗಳು ಹಾನಿಗೊಂಡವು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ನಿಯಂತ್ರಕ ಕೋಶಗಳನ್ನೂ ಸೇರಿಸಿಕೊಟ್ಟಾಗ ರೋಗ ಬರಲಿಲ್ಲ. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ‘ಫಾಕ್ಸ್‌ಪಿ3’ ಎಂಬ ವಂಶವಾಹಿಯನ್ನು ಕಂಡುಹಿಡಿದರು. ನಿಯಂತ್ರಕ ಕೋಶಗಳು ರೂಪುಗೊಳ್ಳಲು ಅದು ಬೇಕೇ ಬೇಕೆಂದು ಎರಡು ವರ್ಷಗಳ ನಂತರ ತಿಳಿದುಬಂತು. ಈ ಮೂವರಿಗೂ 2025ರ ನೊಬೆಲ್ ಪ್ರಶಸ್ತಿ ಸಂದಿತು.

ಈ ವಂಶವಾಹಿ ಕೆಟ್ಟರೆ ಮನುಷ್ಯರಲ್ಲಿ ‘ಐಪೆಕ್ಸ್’ ಎಂಬ ಅಪರೂಪದ ಕಾಯಿಲೆ ಬರುತ್ತದೆ. ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ತಾಯಿಗೆ ಇನ್ನೊಂದು ಸರಿಯಾದ ಎಕ್ಸ್ ಇರುವುದರಿಂದ ಆಕೆ ಆರೋಗ್ಯವಾಗಿಯೇ ಇರುತ್ತಾಳೆ. ಒಂದೇ ಎಕ್ಸ್ ಇರುವ ಗಂಡುಮಗು ಮಾತ್ರ ನರಳುತ್ತದೆ. ಹುಟ್ಟಿದ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ನಿಲ್ಲದ ಭೇದಿ, ಮೈಮೇಲೆ ಇಸುಬು, ಎಳೆಗೂಸಿಗೇ ಸಕ್ಕರೆ ಕಾಯಿಲೆ! ಚಿಕಿತ್ಸೆ ಸಿಗದಿದ್ದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಉಳಿಯುವುದಿಲ್ಲ. ಅಸ್ಥಿಮಜ್ಜೆಯ ಕಸಿಯಿಂದ ಗುಣಪಡಿಸುವ ಸಾಧ್ಯತೆ ಇದೆ. ಆದ್ದರಿಂದ ತವರಿನ ಕಡೆ ಗಂಡುಕೂಸುಗಳು ಹೀಗೆಯೇ ತೀರಿಕೊಂಡಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ. ‘ನಮ್ಮ ಮನೆತನದ ಶಾಪ’ ಎಂದು ಮುಚ್ಚಿಟ್ಟರೆ ಮಗುವಿಗೆ ಕೇಡು.

ನಿಯಂತ್ರಕ ಕೋಶಗಳು ಕಡಿವಾಣ ಹಾಕುವುದು ಹೇಗೆ? ಹೋರಾಡುವ ಟಿ ಕೋಶಗಳು ವೃದ್ಧಿಯಾಗಲು ಇಂಟರ್‌ಲ್ಯೂಕಿನ್-2 ಎಂಬ ರಾಸಾಯನಿಕ ಅಗತ್ಯ. ನಿಯಂತ್ರಕ ಕೋಶಗಳು ಅದನ್ನು ತಾವೇ ಹೀರಿಕೊಳ್ಳುತ್ತವೆ. ಉರಿಯೂತ ತಗ್ಗಿಸುವ ಬೇರೆ ರಾಸಾಯನಿಕಗಳನ್ನೂ ಸ್ರವಿಸುತ್ತವೆ.

ಆದರೆ ಇವುಗಳಿಂದ ಯಾವಾಗಲೂ ಉಪಕಾರವೇ ಎನ್ನುವಂತಿಲ್ಲ. ಅನೇಕ ಕ್ಯಾನ್ಸರ್ ಗಡ್ಡೆಗಳಲ್ಲಿ ಇವು ಜಮಾಯಿಸಿ, ಗಡ್ಡೆಯ ಮೇಲೆ ಬೀಳಬೇಕಾದ ಕೋಶಗಳನ್ನು ತಡೆಯುತ್ತವೆ. ನಿರೋಧಕ ವ್ಯವಸ್ಥೆಯ ಕಡಿವಾಣ ಸಡಿಲಿಸುವ ಔಷಧಿಗಳು ಈಗ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಳಕೆಯಲ್ಲಿವೆ. ಅವುಗಳ ಅಡ್ಡಪರಿಣಾಮಗಳನ್ನು ನೋಡಿ: ಭೇದಿ, ಚರ್ಮದಲ್ಲಿ ದದ್ದು, ಥೈರಾಯಿಡ್ ತೊಂದರೆ. ‘ಇಮ್ಯುನೋಥೆರಪಿ’ ಎಂಬ ಈ ಚಿಕಿತ್ಸೆ ಪಡೆಯುತ್ತಿರುವವರಿಗೆ ಭೇದಿ ಶುರುವಾದರೆ ಊಟದ ದೋಷವೆಂದು ಮನೆಮದ್ದು ಮಾಡುತ್ತ ಕೂರಬಾರದು, ಅದೇ ದಿನ ಆಸ್ಪತ್ರೆಗೆ ತಿಳಿಸಬೇಕು.