ಹಳೆಯ ವಾದ್ಯಕ್ಕೆ ಹೊಸ ಮೆರುಗು ಬೇಕೆ?



ಈ ವರ್ಷದ ಸ್ನೇಹಸಮ್ಮೇಳನಕ್ಕೆ ಎರಡು ತಿಂಗಳು ಮುಂಚೆ ನಮ್ಮ ಶಾಲೆಗೆ ಒಂದು ಹಳೆಯ ತಂಬೂರಿಯು ದಾನವಾಗಿ ಬಂದಿತು. ಕೊಟ್ಟವರು ನಿಲಂಗಾ ತಾಲೂಕಿನ ಒಂದು ಭಜನೆಯ ಮನೆತನದವರು. ವಾದ್ಯವು ಮಿರಜದಲ್ಲಿ ತಯಾರಾದುದು. ಅದರ ಮೆರುಗು ಕಪ್ಪಿಟ್ಟಿತ್ತು. ನಾಲ್ಕು ಬಿರಡೆಗಳಲ್ಲಿ ಎರಡು ತಿರುಗುತ್ತಿರಲಿಲ್ಲ. ಒಂದು ತಿರುಗಿದರೂ ನಿಲ್ಲುತ್ತಿರಲಿಲ್ಲ. ಮೂರು ತಲೆಮಾರಿನವರ ಕೈ ತಾಗಿದ ಕಡೆ ದಂಡಿಯ ಬಣ್ಣವು ಸವೆದು ಕಟ್ಟಿಗೆಯು ಕಾಣುತ್ತಿತ್ತು. ಬುರುಡೆಯಲ್ಲಿ ಒಂದು ಗೇಣಿನಷ್ಟು ಬಿರುಕಿತ್ತು. 1993ನೆಯ ಇಸವಿ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯ ಸುತ್ತಣ ನೆಲವು ನಡುಗಿ ಸಾವಿರಾರು ಜನರು ಮಡಿದಾಗ, ಆ ಮನೆಯ ಕಲ್ಲುಮಣ್ಣಿನ ಗೋಡೆಯೊಂದು ಕುಸಿಯಿತು. ಅಂದು ಬಿದ್ದ ಬಿರುಕು ಅದು ಎಂದು ಕೊಟ್ಟವರು ಹೇಳಿದರು.

ವಾದ್ಯವನ್ನು ಏನು ಮಾಡಬೇಕೆಂಬ ವಿಷಯದಲ್ಲಿ ಮೂರು ಅಭಿಪ್ರಾಯಗಳು ಹುಟ್ಟಿದವು. ಸಂಸ್ಥೆಯ ಹಿರಿಯರು, "ಹಳೆಯ ಬಣ್ಣವನ್ನು ಕೆರೆದು ಹೊಸ ಮೆರುಗು ಕೊಡಿಸಿರಿ, ವೇದಿಕೆಯ ಮೇಲೆ ಶೋಭಿಸಲಿ" ಎಂದರು. ತರುಣ ಅಧ್ಯಾಪಕರು, "ಬಿರಡೆಗಳನ್ನು ಕಿತ್ತು ಗಿಟಾರಿಗಿರುವಂಥ ಹಲ್ಲುಚಕ್ರದ ಕೀಲಿಗಳನ್ನು ಕೂಡಿಸೋಣ, ಧ್ವನಿಗ್ರಾಹಕವನ್ನೂ ಜೋಡಿಸೋಣ" ಎಂದರು. ದಾನಿಗಳ ಮನೆಯವರು ಮಾತ್ರ, "ಇದ್ದಂತೆಯೇ ಇರಲಿ" ಎಂದರು. ಅದೇ ತಿಂಗಳಲ್ಲಿ, ಸೋಲಾಪುರದಲ್ಲಿ ಮದುವೆ ಮುಂಜಿಗಳ ವಾದ್ಯವೃಂದದೊಡನೆ ಬೇಸ್ ಗಿಟಾರ್ ನುಡಿಸುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬಂದು, "ಸರ್, ನನ್ನ ಗಿಟಾರೂ ಹಳೆಯದು, ಬಣ್ಣ ಹೋಗಿದೆ. ಕೆರೆಸಿ ಹೊಸ ಬಣ್ಣ ಹೊಡೆಸಲೇ?" ಎಂದು ಕೇಳಿದನು. ಪ್ರಶ್ನೆಯು ಎರಡೂ ಕಡೆ ಒಂದೇ. ಆದುದರಿಂದ ಇದನ್ನು ಒಂದು ಪಾಠವಾಗಿ ವಿಚಾರಿಸುವುದು ಯುಕ್ತವೆಂದು ನಮಗೆ ತೋರಿತು.

ನಮ್ಮಿಂದಾದ ಒಂದು ತಪ್ಪು

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಂಡು ಮುಂದುವರಿಯುತ್ತೇವೆ. ಸುಮಾರು ಹದಿನೈದು ವರ್ಷಗಳ ಹಿಂದೆ, ನಾವಿನ್ನೂ ಸಹಾಯಕ ಅಧ್ಯಾಪಕರಾಗಿದ್ದಾಗ, ಶಾಲೆಯ ಹಳೆಯ ಪೇಟಿಗೆ ಹೊಸ ರೂಪ ಕೊಡಿಸುವ ಹುರುಪು ನಮಗೆ ಬಂದಿತು. ಬಾಗಿಲು ಕಿಟಕಿಗಳಿಗೆ ಬಣ್ಣ ಹಚ್ಚುತ್ತಿದ್ದವನ ಕೈಗೇ ಪೇಟಿಯನ್ನು ಕೊಟ್ಟೆವು. ಅವನು ಪಾಲಿಶ್ ಕಾಗದದಿಂದ ಒಳಗೂ ಹೊರಗೂ ಉಜ್ಜಿ ದಪ್ಪನೆಯ ಎಣ್ಣೆಬಣ್ಣವನ್ನು ಬಳಿದನು. ಪೇಟಿಯು ಹೊಳೆಯಿತು, ನಮಗೂ ಸಂತೋಷವಾಯಿತು. ಆದರೆ ಮನೆಗಳ ಸಂದಿಗೆ ಬಣ್ಣವಿಳಿದು ಕೆಲವು ಮನೆಗಳು ಒತ್ತಿದರೆ ಮೇಲೇಳದಾದವು. ಉಜ್ಜಿದ ಧೂಳು ಹಿತ್ತಾಳೆಯ ರೀಡುಗಳಲ್ಲಿ ಸೇರಿ ಎರಡು ಸ್ವರಗಳು ಗೊಗ್ಗರಾದವು.

ಅದನ್ನು ದುರಸ್ತಿ ಮಾಡಿಸಬಹುದಾಗಿತ್ತು, ಮಾಡಿಸಿದೆವು. ದುರಸ್ತಿ ಮಾಡಿಸಲಾಗದುದು ಬೇರೊಂದಿತ್ತು. ಮುಂದಿನ ಸಮ್ಮೇಳನಕ್ಕೆ ವೃದ್ಧ ತಾಯಿಯೊಬ್ಬರು ಬಂದು, ಪೇಟಿಯ ಮುಚ್ಚಳವನ್ನು ಎತ್ತಿ ಒಳಮೈಯನ್ನು ಬಹಳ ಹೊತ್ತು ನೋಡಿದರು. "ಸರ್, ನಮ್ಮಪ್ಪನ ಹೆಸರು ಇಲ್ಲೇ ಇತ್ತಲ್ರೀ?" ಎಂದು ಕೇಳಿದರು. ಇದ್ದಿತು. ನಿಜಾಮರ ಕಾಲದಲ್ಲಿ ಅವರ ತಂದೆಯವರು ಊರ ಭಜನಾ ಮಂಡಳಿಗೆ ಆ ಪೇಟಿಯನ್ನು ಕೊಟ್ಟು, ಮುಚ್ಚಳದ ಒಳಗೆ ತಮ್ಮ ಹೆಸರನ್ನೂ ಫಸಲಿ ವರ್ಷವನ್ನೂ ಕನ್ನಡ ಅಕ್ಷರಗಳಲ್ಲಿ ಬರೆಸಿದ್ದರು. ನಿಲಂಗಾ, ಉದಗೀರಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವೆಂಬುದನ್ನು ನೀವು ಬಲ್ಲಿರಿ. ಆ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಉಚ್ಚ ಶಿಕ್ಷಣದ ಭಾಷೆಯೂ ಅದೇ. ಅಂಥ ದಿನಗಳಲ್ಲಿ ಒಬ್ಬ ಗೃಹಸ್ಥನು ಕನ್ನಡದಲ್ಲಿ ಬರೆಸಿದ ಒಂದು ಸಾಲು ಈ ಭಾಗದ ಕನ್ನಡಿಗರಿಗೆ ಒಂದು ಚಿಕ್ಕ ಶಾಸನವೇ ಸರಿ. ಅದನ್ನು ನಾವು ಕಾಸು ಕೊಟ್ಟು ಉಜ್ಜಿಸಿ ಹಾಕಿದೆವು. ಆ ತಾಯಿಗೆ ನಾವು ಏನೂ ಉತ್ತರ ಹೇಳಲಾರದೆ ನಿಂತೆವು.

ವಾದ್ಯದ ಅಂಗಗಳನ್ನು ಅರಿಯುವುದು

ಒಂದು ವಸ್ತುವನ್ನು ಬದಲಿಸುವ ಮೊದಲು ಅದು ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿಯಬೇಕು. ಮಿರಜ ಪಟ್ಟಣದಲ್ಲಿ ತಂತಿವಾದ್ಯಗಳ ಕಸುಬು ಹತ್ತೊಂಬತ್ತನೆಯ ಶತಮಾನದ ನಡುವೆ ಆರಂಭವಾಯಿತು. ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಈ ಕಸುಬಿಗೆ ತಿರುಗಿದವು. ಅವರಲ್ಲಿ ಫರೀದಸಾಹೇಬರ ಹೆಸರು ಪ್ರಸಿದ್ಧ. ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರು ನೆಲೆಸಿದ್ದುದೂ ಈ ಊರಿನಲ್ಲಿಯೇ. ಮಿರಜದ ಸಿತಾರ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ದೊರೆಯಿತು.

ತಂಬೂರಿಯ ಬುರುಡೆಯು ಒಣಗಿಸಿದ ದೊಡ್ಡ ಸೋರೆಯ ಜಾತಿಯ ಕಾಯಿ. ಇದು ಭೀಮಾತೀರದ ಪಂಢರಪುರ, ಮಂಗಳವೇಢೆಗಳ ಕಡೆಯಿಂದ ಬರುತ್ತದೆ. ಮಂಗಳವೇಢೆಯೆಂದರೆ ಕಲಚುರಿಗಳ ರಾಜಧಾನಿಯಾಗಿದ್ದ ನಮ್ಮ ಮಂಗಳವಾಡವೇ. ದಂಡಿಯೂ ಮುಂಭಾಗದ ತೆಳು ಹಲಗೆಯಾದ ತಬಲಿಯೂ ತೂಣ್ ಎಂಬ ಕೆಂಪು ಮರದವು. ತಬಲಿಯ ಮೇಲೆ ಕುದುರೆ, ಕುದುರೆಯ ಮೇಲೆ ನಾಲ್ಕು ತಂತಿ. ಕುದುರೆಯ ಅಗಲವಾದ ಮೈಯನ್ನು ಅರದಿಂದ ಬಹು ಸೂಕ್ಷ್ಮವಾಗಿ ಇಳಿಜಾರು ಮಾಡಿರುತ್ತಾರೆ. ತಂತಿಯು ಆ ಇಳಿಜಾರನ್ನು ತಾಗಿಯೂ ತಾಗದಂತೆ ಕಂಪಿಸುವುದರಿಂದ ಒಂದು ಸ್ವರದೊಳಗಿನ ಅನೇಕ ಉಪಸ್ವರಗಳು ಎದ್ದು ಕೇಳುತ್ತವೆ. ಇದಕ್ಕೆ ಜವಾರಿ ಎನ್ನುವರು. ನಮ್ಮ ರೈತರು ನಾಟಿ ತಳಿಗೆ ಹೇಳುವ ಜವಾರಿಯೇ ಬೇರೆ, ವಾದ್ಯಗಾರರ ಈ ಜವಾರಿಯೇ ಬೇರೆ. ತಂತಿಯ ಕೆಳಗೆ ಸೇರಿಸುವ ಒಂದು ಎಳೆ ನೂಲು ಅತ್ತಿತ್ತ ಸರಿದಂತೆ ಈ ಝೇಂಕಾರವು ತೆರೆದುಕೊಳ್ಳುತ್ತದೆ. ಆ ನೂಲಿಗೆ ಜೀವವೆಂದು ಹೆಸರು.

ಇನ್ನು ಮೆರುಗು. ಹಳೆಯ ಮೆರುಗು ಅರಗಿನದು. ಅರಗಿನ ಹುಳುವು ಮರದ ಕೊಂಬೆಗಳ ಮೇಲೆ ಬಿಡುವ ಅಂಟನ್ನು ಶೋಧಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳುವಾಗಿ ಹಲವು ಬಾರಿ ತೀಡುತ್ತಾರೆ. ಇದಕ್ಕೆ ಎರಡು ಗುಣಗಳಿವೆ. ಒಂದನೆಯದು, ಪದರವು ಬಲು ತೆಳುವಾದುದರಿಂದ ತಬಲಿಯ ಕಂಪನಕ್ಕೆ ಅಡ್ಡಿಯಿಲ್ಲ. ಎರಡನೆಯದು, ಸ್ಪಿರಿಟ್ ತಾಗಿದರೆ ಅದು ಮತ್ತೆ ಕರಗುತ್ತದೆ. ಆದುದರಿಂದ ಕೆಟ್ಟ ಭಾಗವನ್ನಷ್ಟೆ ಸರಿಪಡಿಸಲು ಬರುತ್ತದೆ. ದಪ್ಪನೆಯ ಎಣ್ಣೆಬಣ್ಣವಾಗಲಿ ಈಗಿನ ಗಟ್ಟಿ ಪಾಲಿಯುರೆಥೇನ್ ಲೇಪವಾಗಲಿ ಹಾಗಲ್ಲ. ತೆಳು ಹಲಗೆಗೆ ಭಾರವನ್ನು ಕೂಡಿಸಿ ನಾದವನ್ನು ಕುಗ್ಗಿಸುತ್ತವೆ. ತೆಗೆಯಬೇಕಾದರೆ ಮರವನ್ನೇ ಕೆರೆಯಬೇಕಾಗುತ್ತದೆ.

ಕೇಳಬೇಕಾದ ಮೂರು ಪ್ರಶ್ನೆಗಳು

ಒಂದನೆಯ ಪ್ರಶ್ನೆ: ಕೊರತೆಯು ನಾದದಲ್ಲಿದೆಯೋ ನೋಟದಲ್ಲಿದೆಯೋ? ಬಿರಡೆಯು ನಿಲ್ಲದಿದ್ದರೆ ಶ್ರುತಿ ನಿಲ್ಲದು; ಬುರುಡೆಯು ಒಡೆದಿದ್ದರೆ ಝೇಂಕಾರದಲ್ಲಿ ಬಿರುಸು ಸದ್ದು ಸೇರುವುದು. ಇವು ನಾದದ ಕೊರತೆಗಳು, ಸರಿಪಡಿಸಲೇಬೇಕು. ಮೆರುಗು ಕಪ್ಪಾದುದು ನೋಟದ ಮಾತು, ಅದಕ್ಕೆ ಅವಸರವಿಲ್ಲ. ಆದರೆ ಮೆರುಗು ಹೊಪ್ಪಳೆಯೆದ್ದು ಉದುರಿ, ಮರವು ಬರಿದಾಗಿ, ನಮ್ಮ ಕಡೆಯ ವೈಶಾಖದ ಬಿಸಿಲಿಗೂ ಮಳೆಗಾಲದ ತೇವಕ್ಕೂ ಗುರಿಯಾಗುತ್ತಿದ್ದರೆ ಅದು ನೋಟದ ಮಾತಲ್ಲ, ರಕ್ಷಣೆಯ ಮಾತು. ಆಗ ಮೆರುಗು ಕೊಡದಿರುವುದೇ ತಪ್ಪಾದೀತು.

ಎರಡನೆಯ ಪ್ರಶ್ನೆ: ನಾವು ಮಾಡುವುದನ್ನು ಮುಂದೆ ಬಂದವರು ಹಿಂದಕ್ಕೆ ತೆಗೆಯಬಲ್ಲರೋ? ತಂತಿ, ನೂಲು, ಕುದುರೆ ಇವು ಸವೆಯಲೆಂದೇ ಇರುವ ಅಂಗಗಳು. ಅವನ್ನು ಬದಲಿಸಿದರೆ ವಾದ್ಯದ ಗುರುತು ಹೋಗದು. ದಂಡಿ, ತಬಲಿ, ಬುರುಡೆ ಇವು ಉಳಿಯಲೆಂದು ಇರುವ ಅಂಗಗಳು. ದಂಡಿಯಲ್ಲಿ ಕೊರೆದ ರಂಧ್ರವನ್ನು ಮತ್ತೆ ಮರವನ್ನಾಗಿ ಮಾಡಲಾಗದು. ಕೆರೆದ ಅಕ್ಷರವನ್ನು ಮತ್ತೆ ಬರೆದವನ ಕೈಯಿಂದ ಬರೆಸಲಾಗದು.

ಮೂರನೆಯ ಪ್ರಶ್ನೆ: ವಾದ್ಯವು ಯಾರದು, ಅದರಿಂದ ಯಾರಿಗೆ ಏನಾಗಬೇಕು? ಒಬ್ಬನು ತನ್ನ ದುಡಿಮೆಗಾಗಿ ಇಟ್ಟುಕೊಂಡ ಸಾಧನವನ್ನು ತನಗೆ ಬೇಕಾದಂತೆ ಮಾರ್ಪಡಿಸಲು ಅವನಿಗೆ ಅಧಿಕಾರವಿದೆ. ಶಾಲೆಯ ವಸ್ತುವು ಹಾಗಲ್ಲ. ಅದು ಹಿಂದೆ ಕೊಟ್ಟವರದೂ ಹೌದು, ಮುಂದೆ ಕಲಿಯಲು ಬರುವವರದೂ ಹೌದು. ನಾವು ನಡುವಿನ ಕಾವಲುಗಾರರು ಮಾತ್ರ.

ದೂರದೇಶದ ಎರಡು ಉದಾಹರಣೆಗಳು

ಹಾಗಾದರೆ ಹಳೆಯ ವಾದ್ಯವನ್ನು ಮುಟ್ಟಲೇಬಾರದೆ? ಅದೂ ಸರಿಯಲ್ಲ. ಇಟಲಿ ದೇಶದ ಕ್ರೆಮೊನಾ ಪಟ್ಟಣದಲ್ಲಿ 1737ರಲ್ಲಿ ತೀರಿಕೊಂಡ ಆಂಟೋನಿಯೊ ಸ್ಟ್ರಾಡಿವಾರಿಯು ಮಾಡಿದ ಪಿಟೀಲುಗಳು ಲೋಕಪ್ರಸಿದ್ಧವಾದವು. ಮುಂದಿನ ಕಾಲದಲ್ಲಿ ಸಂಗೀತಶಾಲೆಗಳು ದೊಡ್ಡವಾಗಿ, ಹೆಚ್ಚು ಗಟ್ಟಿಯಾದ ನಾದವು ಬೇಕಾದುದರಿಂದ, ಆ ಪಿಟೀಲುಗಳ ಪೈಕಿ ಬಹುತೇಕ ಎಲ್ಲವುಗಳ ಕುತ್ತಿಗೆಯನ್ನು ಉದ್ದ ಮಾಡಿ ಓರೆಯಾಗಿ ಕೂಡಿಸಿದರು. ಒಳಗಿನ ಆಧಾರಪಟ್ಟಿಯನ್ನೂ ಬದಲಿಸಿದರು. ಆ ಮಾರ್ಪಾಟಿನಿಂದಲೇ ಅವು ಇಂದಿಗೂ ಸಭೆಗಳಲ್ಲಿ ನುಡಿಯುತ್ತಿವೆ. ಆದರೆ ಅವುಗಳ ಮೈಯ ಹಳೆಯ ಮೆರುಗನ್ನು ಮಾತ್ರ ತಿಳಿದವರು ಕಣ್ಣಿನಂತೆ ಕಾಯುತ್ತಾರೆ. ನಾದಕ್ಕಾಗಿ ಬದಲಿಸಿದರು, ಹೊಳಪಿಗಾಗಿ ಕೆರೆಯಲಿಲ್ಲ ಎಂಬುದನ್ನು ಗಮನಿಸಿರಿ.

ಇನ್ನೊಂದು ಉದಾಹರಣೆ ನಮ್ಮ ಹಳೆಯ ವಿದ್ಯಾರ್ಥಿಯ ಬೇಸ್ ಗಿಟಾರಿಗೆ ಸಂಬಂಧಿಸಿದುದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೊ ಫೆಂಡರನು 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ಗಿಟಾರನ್ನು ಮಾರಾಟಕ್ಕೆ ತಂದನು. ಅದಕ್ಕೆ ನಾಲ್ಕು ದಪ್ಪ ತಂತಿ. ತಂಬೂರಿಯಂತೆ ಟೊಳ್ಳು ಒಡಲಿಲ್ಲ. ಗಟ್ಟಿ ಮರದ ಹಲಗೆ. ಉಕ್ಕಿನ ತಂತಿಯ ಕಂಪನವನ್ನು ಅಯಸ್ಕಾಂತಕ್ಕೆ ಸುತ್ತಿದ ತಾಮ್ರದ ಸುರುಳಿಯು ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಆದುದರಿಂದ ಮೈಬಣ್ಣವು ನಾದವನ್ನು ಅಷ್ಟಾಗಿ ಬದಲಿಸುವುದಿಲ್ಲ. ಹೀಗಿದ್ದರೂ ಆ ಕಾಲದ ಗಿಟಾರುಗಳಲ್ಲಿ ಮೂಲ ಬಣ್ಣವುಳ್ಳದ್ದಕ್ಕೆ, ಅದು ಎಷ್ಟೇ ಸವೆದಿರಲಿ, ಹೊಸದಾಗಿ ಬಣ್ಣ ಹೊಡೆಸಿದುದಕ್ಕಿಂತ ಬಹಳ ಹೆಚ್ಚಿನ ಬೆಲೆಯಿದೆ. ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಜಾಕೊ ಪಾಸ್ಟೋರಿಯಸ್ ಎಂಬ ಪ್ರಸಿದ್ಧ ವಾದಕನು 1962ರ ಒಂದು ಜಾಝ್ ಬೇಸನ್ನು, ಅದರ ಮೆಟ್ಟುಗಳಿಲ್ಲದೆ, ಬೆರಳುಹಲಗೆಗೆ ಎಪಾಕ್ಸಿಯ ಗಟ್ಟಿ ಲೇಪವನ್ನು ಕೊಟ್ಟು ನುಡಿಸಿದನು. ನಮ್ಮ ಸರೋದಿನಂತೆ ಸ್ವರದಿಂದ ಸ್ವರಕ್ಕೆ ಜಾರುವ ನಾದವು ಅವನಿಗೆ ಬೇಕಾಗಿತ್ತು. ಬೇಕಾದುದೇನೆಂದು ಅವನ ಕಿವಿಯು ಅರಿತಿತ್ತು. ಅರಿತು ಬದಲಿಸುವುದು ಒಂದು, ಬೇಸರಕ್ಕೆ ಬದಲಿಸುವುದು ಇನ್ನೊಂದು.

ನಾವು ಮಾಡಿದ ನಿರ್ಣಯ

ನಮ್ಮ ಹಳೆಯ ವಿದ್ಯಾರ್ಥಿಯನ್ನು ಮೂರು ಪ್ರಶ್ನೆಗಳನ್ನೂ ಕೇಳಿದೆವು. ಅವನ ದೂರು ಬಣ್ಣದ್ದಲ್ಲವೆಂದೂ, ತಂತಿಗಳು ಸತ್ತುಹೋಗಿ ನಾದವು ಮಂಕಾಗಿದ್ದುದೇ ನಿಜವಾದ ದೂರೆಂದೂ ಅವನಿಗೇ ತಿಳಿಯಿತು. ಹೊಸ ತಂತಿ ಹಾಕಿಸಿದನು. ಕರಕರ ಸದ್ದು ಮಾಡುತ್ತಿದ್ದ ಧ್ವನಿಯ ಗುಂಡಿಯೊಂದನ್ನು ಬದಲಿಸಿ, ತೆಗೆದ ಹಳೆಯ ಗುಂಡಿಯನ್ನು ಪೊಟ್ಟಣ ಕಟ್ಟಿ ಪೆಟ್ಟಿಗೆಯಲ್ಲಿಯೇ ಇಟ್ಟನು. ಮೈಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದನು, ಅಷ್ಟೇ.

ತಂಬೂರಿಯನ್ನು ಮಿರಜಕ್ಕೆ ಒಯ್ದೆವು. ಒಯ್ಯುವ ಮುನ್ನ ಎಲ್ಲ ಕಡೆಯಿಂದಲೂ ಅದರ ಛಾಯಾಚಿತ್ರ ತೆಗೆದು, ಇರುವ ಸ್ಥಿತಿಯನ್ನು ವಹಿಯಲ್ಲಿ ಬರೆದಿಟ್ಟೆವು. ಕುಶಲಕರ್ಮಿಯು ಬುರುಡೆಯ ಬಿರುಕನ್ನು, ಬಡಗಿಗಳು ಸರಸು ಎನ್ನುವ ತೊಗಲಿನ ಅಂಟಿನಿಂದ ಒಳಗಡೆ ಬಟ್ಟೆಯ ಪಟ್ಟಿಯಿಟ್ಟು ಬೆಸೆದನು. ಈ ಅಂಟು ಶಾಖಕ್ಕೂ ತೇವಕ್ಕೂ ಬಿಡುವಂಥದಾದುದರಿಂದ ಮುಂದಿನವರು ಬೇಕಾದರೆ ತೆಗೆಯಬಹುದು. ಹೊರಗಿನಿಂದ ಆ ಬಿರುಕು ಗೆರೆಯಾಗಿ ಕಾಣುತ್ತದೆ. ಅದನ್ನು ಬಣ್ಣದಿಂದ ಮುಚ್ಚಿಸಲಿಲ್ಲ. ಬಿರಡೆಗಳನ್ನು ಕೂಡುವಂತೆ ತೀಡಿ, ಜಾರದಂತೆ ಅವುಗಳಿಗೆ ಸೀಮೆಸುಣ್ಣದ ಪುಡಿ ಹಚ್ಚಿದನು. ನಮ್ಮ ಕರಿಹಲಗೆಯ ಸೀಮೆಸುಣ್ಣಕ್ಕೆ ಇಂಥ ಉಪಯೋಗವೂ ಉಂಟೆಂದು ಮಕ್ಕಳು ನಕ್ಕರು. ಕುದುರೆಯ ಜವಾರಿಯನ್ನು ಹೊಸದಾಗಿ ತೆಗೆದನು. ಮೆರುಗಿನ ಮಾತು ಬಂದಾಗ, ದಂಡಿಯಲ್ಲಿ ಮರವು ಬರಿದಾದ ಕಡೆಗೆ ಮಾತ್ರ ಅರಗಿನ ತೆಳು ಪದರವನ್ನು ಕೊಡಿಸಿದೆವು. ಉಳಿದುದನ್ನು ಒರೆಸಿ ಬಿಟ್ಟೆವು. ಒರೆಸಿದಾಗ ತಬಲಿಯ ಅಂಚಿನಲ್ಲಿ, ಧೂಳಿನ ಕೆಳಗೆ, ಮಿರಜದ ಹೆಸರುಳ್ಳ ಹಳೆಯ ಕಾಗದದ ಚೀಟಿಯೊಂದು ಕಂಡಿತು. ಪಾಲಿಶ್ ಕಾಗದ ಹಿಡಿದಿದ್ದರೆ ಅದೂ ಹೋಗುತ್ತಿತ್ತು.

ಸಮ್ಮೇಳನದಂದು ವೇದಿಕೆಯ ಮೇಲೆ ತಂಬೂರಿಯು ಹೊಳೆಯಲಿಲ್ಲ, ಮಸುಕಾಗಿಯೇ ಕಂಡಿತು. ಆದರೆ ಏಳನೆಯ ಇಯತ್ತೆಯ ಬಾಲಕಿಯು ತಂತಿಯನ್ನು ಮೀಟಿದೊಡನೆ ಮಂಟಪವೆಲ್ಲ ಸ್ತಬ್ಧವಾಯಿತು. ಬಣ್ಣ ಬೇಕೆಂದಿದ್ದ ಹಿರಿಯರೇ ಮೊದಲು ತಲೆದೂಗಿದರು.

ಪೇಟಿಯ ವಿಷಯದಲ್ಲಿ ನಮಗೆ ಮಾಡಲು ಸಾಧ್ಯವಾದುದು ಇಷ್ಟೇ. ಆ ವೃದ್ಧ ತಾಯಿಯವರ ಮನೆಗೆ ಹೋಗಿ, ಅವರ ನೆನಪಿನಲ್ಲಿದ್ದಂತೆ ಹೆಸರನ್ನು ಬರೆದುಕೊಂಡು ಬಂದು, ಶಾಲೆಯ ದಾನವಹಿಯಲ್ಲಿ ದಾಖಲಿಸಿದೆವು. ಮುಚ್ಚಳದ ಒಳಗೆ ಒಂದು ಕಾಗದದ ಮೇಲೆ ಬರೆದು ಇಟ್ಟೆವು. ಅವರಿಗೂ ಫಸಲಿ ವರ್ಷವು ನೆನಪಿರಲಿಲ್ಲ. ಆ ಸ್ಥಳವನ್ನು ಖಾಲಿ ಬಿಟ್ಟಿದ್ದೇವೆ.

ಪಾಲಕರಲ್ಲಿ ನಮ್ಮ ಬಿನ್ನಹವಿದು. ನಿಮ್ಮ ಮನೆಯಲ್ಲಿ ಹಳೆಯ ಪೇಟಿ, ತಬಲಾ, ಏಕತಾರಿ, ತಾಳಗಳಿದ್ದರೆ ದೀಪಾವಳಿಯ ಬಣ್ಣದವನ ಕೈಗೆ ಅವನ್ನು ಕೊಡುವ ಮೊದಲು ಒಳಗೆ ಹೊರಗೆ ನೋಡಿರಿ, ಅಕ್ಷರವಿದ್ದರೆ ಬರೆದುಕೊಳ್ಳಿರಿ. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಂಭವ ಉಂಟು. ಅದನ್ನು ಮಕ್ಕಳಿಂದ ಉಜ್ಜಿಸಕೂಡದು. ಸ್ಪಿರಿಟ್ ಬೇಗನೆ ಬೆಂಕಿ ಹಿಡಿಯುವುದಾದುದರಿಂದ ಒಲೆಯ ಬಳಿ ಇಡಕೂಡದು.

ಅಭ್ಯಾಸ

1. ಅರಗಿನ ಮೆರುಗಿಗೂ ಎಣ್ಣೆಬಣ್ಣಕ್ಕೂ ಇರುವ ಎರಡು ವ್ಯತ್ಯಾಸಗಳನ್ನು ಬರೆಯಿರಿ.
2. ತಂಬೂರಿಯಲ್ಲಿ ಸವೆಯಲೆಂದು ಇರುವ ಅಂಗಗಳಾವುವು? ಉಳಿಯಲೆಂದು ಇರುವ ಅಂಗಗಳಾವುವು?
3. ಮೈಬಣ್ಣದ ದಪ್ಪವು ತಂಬೂರಿಯ ನಾದಕ್ಕೆ ತೊಡಕಾಗುತ್ತದೆ, ವಿದ್ಯುತ್ ಗಿಟಾರಿನ ನಾದಕ್ಕೆ ಅಷ್ಟಾಗಿ ಆಗುವುದಿಲ್ಲ. ಕಾರಣವೇನು?
4. ನಿಮ್ಮ ಮನೆಯ ಒಂದು ಹಳೆಯ ವಸ್ತುವನ್ನು ಆರಿಸಿಕೊಂಡು ಮೂರು ಪ್ರಶ್ನೆಗಳನ್ನೂ ಕೇಳಿರಿ. ಅದರ ಕಥೆಯನ್ನು ಅಜ್ಜ ಅಜ್ಜಿಯರಿಂದ ಕೇಳಿ ಒಂದು ಪುಟ ಬರೆದು ತನ್ನಿರಿ.

— ಮುಖ್ಯಾಧ್ಯಾಪಕರು, ಬಿ.ಎ., ಬಿ.ಟಿ.