ದೀರ್ಘ ಭಾಗಾಕಾರ: ಸೊನ್ನೆ ಬಿಟ್ಟುಹೋಗುವ ಸ್ಥಾನ



ಶಾಲಾ ಭೇಟಿಯ ಸಂದರ್ಭದಲ್ಲಿ ಐದನೇ ತರಗತಿಯ ಮಕ್ಕಳಿಗೆ 618ನ್ನು 6ರಿಂದ ಭಾಗಿಸಲು ಹೇಳಿ ನೋಡಬಹುದು. ಕೆಲವರು 13 ಎಂದು ಬರೆಯುತ್ತಾರೆ. ಮಗ್ಗಿ ಚೆನ್ನಾಗಿ ಬಲ್ಲ ಮಗುವೂ ಇಲ್ಲಿ ಎಡವುವುದುಂಟು. ಆದ್ದರಿಂದ ಮಗ್ಗಿಯ ಬಾಯಿಪಾಠವೊಂದೇ ಇದಕ್ಕೆ ಪರಿಹಾರವಲ್ಲ.

ದೋಷವಿರುವುದು ಸ್ಥಾನಬೆಲೆಯ ತಿಳಿವಳಿಕೆಯಲ್ಲಿ. ನೂರರ ಆರು ನೋಟು, ಹತ್ತರ ಒಂದು ನೋಟು, ಒಂದು ರೂಪಾಯಿಯ ಎಂಟು ನಾಣ್ಯಗಳನ್ನಿಟ್ಟು ಆರು ಮಕ್ಕಳಿಗೆ ಹಂಚಿಸಬೇಕು. ಆಟದ ಹಣವೇ ಸಾಕು. ತಲಾ ನೂರರ ಒಂದು ನೋಟು ದೊರೆಯುತ್ತದೆ. ಹತ್ತರ ನೋಟು ಒಂದೇ ಇರುವುದರಿಂದ ಆರು ಜನರಿಗೆ ಹಂಚಲಾಗದು. ಯಾರಿಗೂ ಹತ್ತರ ನೋಟು ಸಿಗಲಿಲ್ಲವೆಂಬುದನ್ನೇ ಭಾಗಲಬ್ಧದ ಹತ್ತರ ಸ್ಥಾನದಲ್ಲಿ 0 ಎಂದು ದಾಖಲಿಸಬೇಕು. ಬಳಿಕ ಆ ನೋಟನ್ನು ಚಿಲ್ಲರೆ ಮಾಡಿಸಿದರೆ ಒಟ್ಟು 18 ನಾಣ್ಯಗಳಾಗಿ, ತಲಾ 3 ಬರುತ್ತವೆ. ಉತ್ತರ 103.

‘ಮೇಲಿನ ಅಂಕಿಯನ್ನು ಕೆಳಗಿಳಿಸು’ ಎಂಬುದರ ಅರ್ಥ ಈ ಚಿಲ್ಲರೆಯೇ. ಎಂಜಿನಿಯರಿಂಗ್ ಓದಿದ ನನಗೂ ಬಾಲ್ಯದಲ್ಲಿ ಇದನ್ನು ಯಾರೂ ವಿವರಿಸಿರಲಿಲ್ಲ. ಇಳಿಸು ಎಂದರು, ಇಳಿಸಿದೆ.

ತಪ್ಪು ಉತ್ತರ ಬಂದಾಗ ಮಗುವನ್ನು ಗದರಿಸದೆ ಲೆಕ್ಕ ಕೇಳಬೇಕು. 13ರಂತೆ ಆರು ಜನರಿಗೆ ಹಂಚಿದ್ದು 78 ರೂಪಾಯಿ. ಉಳಿದ 540 ಎಲ್ಲಿ? ಲೆಕ್ಕಪರಿಶೋಧನೆಯ ಈ ಪ್ರಶ್ನೆ ಸದಸ್ಯರಿಗೆ ಹೊಸತಲ್ಲ.

ತಮ್ಮ ಶಾಲೆಯ ಗಣಿತ ಕಿಟ್ ಬೀರುವಿನಲ್ಲಿದೆಯೇ, ಮಕ್ಕಳ ಕೈಯಲ್ಲಿದೆಯೇ ಎಂದು ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ವಿಚಾರಿಸಲು ಕೋರಿದೆ. ಕಿಟ್ ಇಲ್ಲವಾದಲ್ಲಿ ರಟ್ಟು ಕತ್ತರಿಸಿ ನೋಟು ಮಾಡಿಕೊಳ್ಳಲು ಯಾವ ಅನುದಾನವೂ ಬೇಕಿಲ್ಲ.