ಸಂಸರ ‘ವಿಗಡ ವಿಕ್ರಮರಾಯ’

ಐತಿಹಾಸಿಕ ನಾಟಕವನ್ನು ಓದತೊಡಗಿದೊಡನೆ ನಾವು ನಾಯಕನನ್ನು ಅರಸುತ್ತೇವೆ. ಖಳನನ್ನು ಅರಸಬೇಕಾಗಿಲ್ಲ, ಅವನ ಮೀಸೆಯೇ ಅವನನ್ನು ತೋರಿಸಿಕೊಡುತ್ತದೆ. ಆದರೆ ಸಂಸರು ತಮ್ಮ ನಾಟಕಕ್ಕೆ ರಾಜದ್ರೋಹಿಯ ಹೆಸರನ್ನೇ ಇಟ್ಟರು. ಏಕೆಂಬುದನ್ನು ವಿದ್ಯಾರ್ಥಿಗಳು ವಿಚಾರಿಸಬೇಕು.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ ಮೈಸೂರು ರಾಜ್ಯವು ಬೆಳೆಯಿತು. ಅದರೊಡನೆ ಸೇನಾಧಿಪತಿಯಾದ ದಳವಾಯಿಯ ಬಲವೂ ಬೆಳೆಯಿತು. 1637ರಲ್ಲಿ ಪಟ್ಟವೇರಿದ ತರುಣ ಅರಸರು ಇಮ್ಮಡಿ ರಾಜ ಒಡೆಯರು. ದಳವಾಯಿ ವಿಕ್ರಮರಾಯನ ಕೈಗೊಂಬೆಯಾಗಿರಲು ಅವರು ಒಪ್ಪಲಿಲ್ಲ. ಮರುವರ್ಷವೇ ವಿಷಪ್ರಯೋಗದಿಂದ ಮಡಿದರು. ಅದನ್ನು ಮಾಡಿಸಿದವನು ದಳವಾಯಿಯೆಂದೇ ಇತಿಹಾಸಕಾರರು ಬರೆದಿದ್ದಾರೆ. ಬಳಿಕ ತೆರಕಣಾಂಬಿಯಲ್ಲಿದ್ದ ಕಂಠೀರವ ನರಸರಾಜ ಒಡೆಯರಿಗೆ ಪಟ್ಟವಾಯಿತು. ಹೊಸ ಅರಸರು ವಿಷಯವನ್ನರಿತು ದಳವಾಯಿಯನ್ನು ಕೊಲ್ಲಿಸಿದರು, ಅದೂ ಗುಟ್ಟಾಗಿಯೇ. 1960ರ ‘ರಣಧೀರ ಕಂಠೀರವ’ ಚಿತ್ರವನ್ನು ನಿಮ್ಮ ಮನೆಯ ಹಿರಿಯರು ನೋಡಿರಬಹುದು. ಅಲ್ಲಿ ಹೆಸರೂ ಕಥೆಯೂ ಅರಸರದು.

ಹಂಗೇರಿ ದೇಶದವರಿಗೂ ಇಂಥದೊಂದು ನಾಟಕವುಂಟು. 1213ರಲ್ಲಿ ಅರಸನು ದಂಡಯಾತ್ರೆಗೆ ಹೋಗಿದ್ದಾಗ ರಾಣಿ ಗರ್ಟ್ರೂಡಳ ಕೊಲೆಯಾಯಿತು. ಅದನ್ನು ಕುರಿತು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಾತೊನ ಎಂಬ ಕವಿ ‘ಬಾಂಕ್ ಬಾನ್’ ನಾಟಕವನ್ನು ರಚಿಸಿದನು. ಅದರಲ್ಲಿ ರಾಣಿಯನ್ನು ಕೊಲ್ಲುವವನು ರಾಜ್ಯವನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಯೇ. ಆದರೆ ರಾಣಿಯ ತಮ್ಮನಿಂದ ಅವನ ಹೆಂಡತಿಗೆ ಅನ್ಯಾಯವಾಗಿರುತ್ತದೆ; ನಮ್ಮ ಮನಸ್ಸು ಅವನ ಕಡೆಗೆ ವಾಲುತ್ತದೆ. ವಿಕ್ರಮರಾಯನಿಗೆ ಅಂಥ ನೆಪವಿಲ್ಲ. ಅಧಿಕಾರದ ಆಸೆಯೊಂದೇ. ಅಂಥವನನ್ನು ನಡುವಿಟ್ಟು ನಾಟಕ ಕಟ್ಟುವುದು ಕಷ್ಟದ ಕೆಲಸ.

ಹೆಸರಿನಲ್ಲೇ ಸಂಸರು ಒಂದು ಸುಳಿವನ್ನಿಟ್ಟಿದ್ದಾರೆ. ‘ವಿಗಡ’ ಎಂಬುದು ‘ವಿಕಟ’ದ ತದ್ಭವ. ವಕ್ರ, ಭಯಂಕರ ಎಂದರ್ಥ. ಆದರೆ ಹಳೆಯ ಕಾವ್ಯಗಳಲ್ಲಿ ಶತ್ರುಗಳಿಗೆ ಭಯಂಕರನಾದ ಶೂರನಿಗೂ ಈ ಮಾತು ಸಲ್ಲುತ್ತದೆ. ದಳವಾಯಿಯಾದವನು ಶೂರನಾಗಿರಲೇಬೇಕಷ್ಟೆ. ಎರಡೂ ಅರ್ಥಗಳನ್ನು ಹಿಡಿದುಕೊಂಡೇ ನಾಟಕವನ್ನೋದಬೇಕು. ಹಳಗನ್ನಡದ ಛಾಯೆಯುಳ್ಳ ಅದರ ಸಂಭಾಷಣೆ ಮೊದಲು ತೊಡಕೆನಿಸೀತು. ಮನೆಯಲ್ಲಿ ತುಳುವೋ ಧಾರವಾಡದ ಕನ್ನಡವೋ, ಬೀದಿಯಲ್ಲಿ ಮರಾಠಿಯೋ ಕೇಳಿ ಬೆಳೆದವರು ಗಟ್ಟಿಯಾಗಿ ಓದಿರಿ. ಕಣ್ಣಿಗೆ ಸಿಗದ ಅರ್ಥ ಕಿವಿಗೆ ಸಿಗುತ್ತದೆ.

ಯಳಂದೂರಿನ ಬಳಿಯ ಅಗರದಲ್ಲಿ 1898ರಲ್ಲಿ ಹುಟ್ಟಿದ ಸಂಸರು 1939ರಲ್ಲಿ ತೀರಿಕೊಂಡರು. ಬರೆದವು ಇಪ್ಪತ್ತಮೂರು ನಾಟಕಗಳೆನ್ನುತ್ತಾರೆ, ನಮಗುಳಿದವು ಆರೇ. ಪೊಲೀಸರು ತಮ್ಮನ್ನು ಹಿಂಬಾಲಿಸುತ್ತಿರುವರೆಂಬ ಭೀತಿ ಅವರನ್ನು ಕಾಡುತ್ತಿತ್ತು. ಗೋಡೆಗೂ ಕಿವಿಯುಂಟೆಂಬ ಅರಮನೆಯ ಬಾಳನ್ನು ಅವರು ಬಲ್ಲವರಂತೆ ಬರೆದುದಕ್ಕೆ ಇದೂ ಕಾರಣವೆಂದು ನಮ್ಮ ಊಹೆ.

ಕಂಠೀರವರು ಮಾಡಿದ್ದು ಶಿಕ್ಷೆಯೇ, ಇನ್ನೊಂದು ಕೊಲೆಯೇ ಎಂದು ನಾವು ತರಗತಿಯಲ್ಲಿ ಕೇಳಿದೆವು. ಕೊಲೆಯೇ ಎಂದು ಬಹಳ ಮಂದಿ ಕೈಯೆತ್ತಿದರು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ವಿಚಾರಣೆ ಮಾಡಿದ್ದರೆ ದಳವಾಯಿಯ ಸೈನ್ಯ ಸುಮ್ಮನಿರುತ್ತಿತ್ತೇ ಸರ್?” ಎಂದನು. ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ವಿಕ್ರಮರಾಯನು ಹೋದರೂ ದಳವಾಯಿಯ ಪದವಿ ಉಳಿಯಿತು. ಸುಮಾರು ನೂರು ವರ್ಷಗಳ ಮೇಲೆ, 1734ರಲ್ಲಿ, ಅದೇ ಪದವಿಯವರು ತಮ್ಮ ಅರಸರಾದ ಚಾಮರಾಜ ಒಡೆಯರನ್ನು ಪಟ್ಟದಿಂದಿಳಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಿದರು.